ಗ್ಯಾಲ್ವೆಸ್ಟನ್‌ನಲ್ಲಿ ಒಂದು ದಿನ: ಲೆಕ್ಕ ಇಡಬೇಕಾದವರು ಯಾರು?



ನಮ್ಮ ಸಂಪಾದಕರು ಎರಡು ತಿಂಗಳಿಂದ ನನ್ನ ಬೆನ್ನು ಹತ್ತಿದ್ದಾರೆ. "ಸ್ಪೇನಿಗೆ ಹೋಗಿ ಬಂದವರು ಬರೆದುಕೊಟ್ಟರು, ಅಲಾಸ್ಕಾ ನೋಡಿ ಬಂದವರು ಬರೆದುಕೊಟ್ಟರು. ನೀವು ರಿಟೈರ್ ಆಗಿ ಮನೆಯಲ್ಲೇ ಇದ್ದೀರಿ, ಎಲ್ಲಿಗೂ ಹೋಗಲಿಲ್ಲವೇ?" ಎಂದು ಕೇಳಿದರು. ಹೋಗಿದ್ದೆ, ಆದರೆ ಹೇಳಿಕೊಳ್ಳುವಂಥ ದೂರವಲ್ಲ. ಹ್ಯೂಸ್ಟನ್‌ನಿಂದ ಐವತ್ತು ಮೈಲಿ ದೂರದ ಗ್ಯಾಲ್ವೆಸ್ಟನ್‌ಗೆ, ಬೆಳಿಗ್ಗೆ ಹೊರಟು ಸಂಜೆ ಬರುವಷ್ಟು. ನಮ್ಮ ಡಲ್ಲಾಸ್ ಮಿತ್ರರಿಗೂ ಅದು ಅಪರಿಚಿತವಲ್ಲ. ಅವರ ಊರಿನಲ್ಲಿ ಶುರುವಾಗುವ ಐ-45 ಹೆದ್ದಾರಿ ಕೊನೆಗೊಳ್ಳುವುದು ಅಲ್ಲೇ. ಆಸ್ಟಿನ್‌ನವರು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಮರಳಿನಲ್ಲಿ ಆಡಿಸಲು ಬರುವುದೂ ಅಲ್ಲಿಗೇ. ನಾನೇ ಮೂವತ್ತು ಸಲವಾದರೂ ಹೋಗಿರಬೇಕು. ಆದರೆ ಒಬ್ಬನೇ ಹೋದದ್ದು ಇದೇ ಮೊದಲು. ಯಾಕೆ ಹೋದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ನವೆಂಬರ್‌ನಲ್ಲಿ ನನ್ನ ಅಣ್ಣನ ಮಗ ಸಾಗರದಿಂದ ಫೋನ್ ಮಾಡಿದ್ದ. ಮಳೆ, ಅಡಿಕೆ ಧಾರಣೆ ಎಲ್ಲ ಮಾತಾಡಿ ಮುಗಿದ ಮೇಲೆ, "ಚಿಕ್ಕಪ್ಪ, ಒಂದು ವಿಷಯ ಕೇಳ್ಬೇಕಿತ್ತು. ನೀವು ಬೇಜಾರು ಮಾಡ್ಕೋಬಾರ್ದು" ಎಂದ. ತೋಟದ ಪಹಣಿ ಇನ್ನೂ ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲೇ ಇದೆ. ಸಾಲ ತೆಗೆದು ಬೋರ್‌ವೆಲ್, ಪೈಪ್ ಹಾಕಿಸಬೇಕೆಂದರೆ ಖಾತೆ ಅವನ ಅಪ್ಪನ ಹೆಸರಿಗೆ ಆಗಬೇಕು. ನನ್ನ ಪಾಲಿನ ಎರಡು ಎಕರೆಯ ಹಕ್ಕು ಬಿಟ್ಟುಕೊಡುವುದಕ್ಕೆ ಇಲ್ಲಿನ ಕಾನ್ಸುಲೇಟಿನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಲು ಸಾಧ್ಯವೇ ಎಂದು ಅವನ ಪ್ರಶ್ನೆ. "ನಾನು ಕೇಳಿದ್ದು ಅಪ್ಪನಿಗೆ ಗೊತ್ತಿಲ್ಲ" ಎಂದೂ ಸೇರಿಸಿದ.

ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಆ ಎರಡು ಎಕರೆಯಲ್ಲಿ ಒಂದು ಸಣ್ಣ ಹಂಚಿನ ಮನೆ ಕಟ್ಟಿಸಬೇಕು, ಡಿಸೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿರಬೇಕು ಎಂದು ಇಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲೇ ನಕ್ಷೆ ಬರೆಯುತ್ತಿದ್ದೇನೆ. ಆ ದೇಶದಲ್ಲಿ ನನ್ನದು ಎನ್ನುವುದಕ್ಕೆ ಬೇರೇನೂ ಉಳಿದಿಲ್ಲ. ಕಾನೂನು ಪ್ರಕಾರ ಅರ್ಧ ನನ್ನದೇ. ಅಮೆರಿಕದಲ್ಲಿ ಇದ್ದವನಿಗೆ ಊರಿನ ಆಸ್ತಿ ಯಾಕೆ ಎಂದು ಇವರೆಲ್ಲ ತೀರ್ಮಾನ ಮಾಡಿಬಿಟ್ಟರೇ? ನಾಲ್ಕು ದಿನ ಹೀಗೇ ಗೊಣಗುತ್ತಿದ್ದೆ. ಐದನೆಯ ದಿನ ಮನೆಯವಳು, "ಅದು ನಿಮ್ಮ ಅಣ್ಣ ತಮ್ಮಂದಿರ ವಿಷಯ, ನಾನು ಬಾಯಿ ಹಾಕೋದಿಲ್ಲ. ಆದರೆ ಮುಖ ಊದಿಸಿಕೊಂಡು ಮನೆಯಲ್ಲಿ ಓಡಾಡಬೇಡಿ. ಎಲ್ಲಾದರೂ ಹೋಗಿ ಕೂತು ಯೋಚನೆ ಮಾಡಿ ಬನ್ನಿ" ಎಂದು ಒಂದು ಡಬ್ಬಿ ಮೊಸರನ್ನ, ಮೇಲೊಂದು ಮಿಡಿ ಉಪ್ಪಿನಕಾಯಿ ಹಾಕಿ ಕೈಗೆ ಕೊಟ್ಟಳು. ಕಾರು ತಾನಾಗಿ ಐ-45ರ ದಕ್ಷಿಣಕ್ಕೆ ತಿರುಗಿತು.

ಸೇತುವೆ ದಾಟಿ ದ್ವೀಪಕ್ಕೆ ಬಂದರೆ ಎಲ್ಲೆಲ್ಲೂ ಗಾಲ್ವೆಸ್ ಹೆಸರು. ಬೆರ್ನಾರ್ಡೋ ದೆ ಗಾಲ್ವೆಸ್ ದಕ್ಷಿಣ ಸ್ಪೇನಿನ ಮಾಲಗಾ ಪಟ್ಟಣದ ಹತ್ತಿರದವನು. ಲೂಯಿಸಿಯಾನದ ಸ್ಪ್ಯಾನಿಷ್ ಗವರ್ನರ್ ಆಗಿದ್ದು, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ 1781ರಲ್ಲಿ ಪೆನ್ಸಕೋಲಾ ಗೆದ್ದವನು. ಅವನ ಕಾಲದಲ್ಲಿ ಈ ಕರಾವಳಿಯನ್ನು ಅಳೆದವರು ಕೊಲ್ಲಿಗೆ ಅವನ ಹೆಸರಿಟ್ಟರು. ಅವನು 1786ರಲ್ಲಿ ಮೆಕ್ಸಿಕೋದಲ್ಲಿ ತೀರಿಕೊಂಡ. ಈ ದ್ವೀಪದಲ್ಲಿ ಕಾಲಿಡಲೇ ಇಲ್ಲವಂತೆ. ಇಲ್ಲಿ ಒಂದು ಕಲ್ಲು ಹೊರದವನ ಹೆಸರು ಊರಿಗೆ ಉಳಿದಿದೆ. ಮರಳು ಹೊತ್ತವರ ಹೆಸರು ಯಾರಿಗೂ ಗೊತ್ತಿಲ್ಲ.

ಅವನಿಗಿಂತ ಎರಡೂವರೆ ಶತಮಾನ ಮುಂಚೆ, 1528ರ ನವೆಂಬರ್‌ನಲ್ಲಿ, ಇನ್ನೊಬ್ಬ ಸ್ಪೇನಿನವನು ಇಲ್ಲಿ, ಅಥವಾ ಪಕ್ಕದ ಸಣ್ಣ ದ್ವೀಪದಲ್ಲಿ, ದಡ ಮುಟ್ಟಿದ್ದ. ಅವನ ಹೆಸರು ಕಬೇಸ ದೆ ವಾಕ. ಅರ್ಥ ಕೇಳಿದರೆ ನಗು ಬರುತ್ತದೆ, 'ಹಸುವಿನ ತಲೆ' ಎಂದು. ದೋಣಿ ಮಗುಚಿ, ಮೂವರು ಸತ್ತು, ಉಳಿದವರು ಚಳಿಯಲ್ಲಿ ಬತ್ತಲೆ ಬಿದ್ದಿದ್ದರು. ಆ ದ್ವೀಪದ ಜನ ಕರಾಂಕವಾ ಗುಂಪಿಗೆ ಸೇರಿದವರೆಂದು ವಿದ್ವಾಂಸರ ಮತ. ಅವರು ಬಂದು ಈ ಸ್ಥಿತಿ ನೋಡಿ ಏನು ಮಾಡಿದರು ಗೊತ್ತೆ? ಪಕ್ಕದಲ್ಲಿ ಕೂತು ಅರ್ಧ ಗಂಟೆಗೂ ಹೆಚ್ಚು ಹೊತ್ತು ಗೋಳೋ ಎಂದು ಅತ್ತರು. ಆಮೇಲೆ ದಾರಿಯುದ್ದಕ್ಕೂ ನಾಲ್ಕೈದು ಕಡೆ ಬೆಂಕಿ ಹಾಕಿ, ಅಲ್ಲಲ್ಲಿ ಮೈ ಕಾಯಿಸುತ್ತ ಅವರನ್ನು ತಮ್ಮ ಗುಡಿಸಲುಗಳಿಗೆ ಕರೆದೊಯ್ದರು. ಈ ಸಂಗತಿಯನ್ನು ಅವನೇ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅದು 1542ರಲ್ಲಿ ಸ್ಪೇನಿನಲ್ಲಿ ಅಚ್ಚಾಯಿತು. ಆ ಚಳಿಗಾಲದಲ್ಲಿ ಹೊಟ್ಟೆಯ ಕಾಯಿಲೆ ಬಂದು ದ್ವೀಪದವರಲ್ಲಿ ಅರ್ಧದಷ್ಟು ಜನ ಸತ್ತರು ಎಂದೂ ಬರೆದಿದ್ದಾನೆ. ಈ ಬಿಳಿಯರೇ ಕಾರಣ, ಕೊಂದುಬಿಡೋಣ ಎಂದು ಕೆಲವರು ಹೇಳಿದಾಗ, ಅವರಲ್ಲೇ ಒಬ್ಬ ತಡೆದನಂತೆ: ಇವರಿಗೆ ಅಂಥ ಶಕ್ತಿ ಇದ್ದಿದ್ದರೆ ತಮ್ಮವರನ್ನೇ ಸಾಯಲು ಬಿಡುತ್ತಿದ್ದರೇ ಎಂದು ಅವನ ವಾದ. ಹೀಗೆ ಬದುಕಿ ಉಳಿದವನು ಹೋಗಿ ಪುಸ್ತಕ ಬರೆದ. ಬೆಂಕಿ ಹಾಕಿದವರ ಜನಾಂಗ ಮುಂದಿನ ಮೂರು ಶತಮಾನಗಳಲ್ಲಿ ರೋಗ, ಯುದ್ಧಗಳಿಂದ ಚದುರಿಹೋಯಿತು. ಅವರ ವಂಶದವರೆಂದು ಹೇಳಿಕೊಳ್ಳುವ ಕೆಲವರು ಈಚಿನ ವರ್ಷಗಳಲ್ಲಿ ಮತ್ತೆ ಒಂದಾಗುತ್ತಿದ್ದಾರೆ.

ಕಾರು ನಿಲ್ಲಿಸಿ ಸಮುದ್ರದ ತಡೆಗೋಡೆಯ ಮೇಲೆ ನಡೆದೆ. ಈ ಗೋಡೆಯ ಕಥೆ ನಮ್ಮಲ್ಲಿ ಅನೇಕರಿಗೆ ಅರ್ಧ ಗೊತ್ತು. 1900ರ ಸೆಪ್ಟೆಂಬರ್ 8, ಶನಿವಾರ. ಆಗ ಊರಿನ ಅತಿ ಎತ್ತರದ ಜಾಗವೂ ಒಂಬತ್ತು ಅಡಿ ಇರಲಿಲ್ಲ. ಬಂದ ನೀರು ಹದಿನೈದು ಅಡಿಗೂ ಹೆಚ್ಚು. ಸುಮಾರು 38,000 ಜನರ ಊರಿನಲ್ಲಿ ಕಡಿಮೆಯೆಂದರೂ 6,000 ಜನ ಸತ್ತರು. 8,000 ಎನ್ನುವವರೂ ಇದ್ದಾರೆ. 3,600 ಮನೆಗಳು ಹೋದವು. ಸಮುದ್ರದ ಬದಿಯಲ್ಲಿದ್ದ ಸೇಂಟ್ ಮೇರೀಸ್ ಅನಾಥಾಲಯದಲ್ಲಿ ಸನ್ಯಾಸಿನಿಯರು ಬಟ್ಟೆ ಒಣಗಿಸುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಹತ್ತು ಸನ್ಯಾಸಿನಿಯರೂ ತೊಂಬತ್ತು ಮಕ್ಕಳೂ ಹೋದರು. ಉಳಿದವರು ಮೂವರು ಹುಡುಗರು. ಹೆಣಗಳನ್ನು ದೋಣಿಗೆ ತುಂಬುವ ಕೆಲಸಕ್ಕೆ ಯಾರೂ ಮುಂದೆ ಬರದಾಗ ಕಪ್ಪು ಜನಾಂಗದ ಗಂಡಸರನ್ನು ಬಂದೂಕು ತೋರಿಸಿ ದುಡಿಸಿದರು. ಇದೇ ಊರಿನಲ್ಲಿ, ಆ ಬಿರುಗಾಳಿಗೆ ಮೂವತ್ತೈದು ವರ್ಷ ಮುಂಚೆ, 1865ರ ಜೂನ್ 19ರಂದು ಜನರಲ್ ಗ್ರೇಂಜರ್ ಆಜ್ಞೆ ಹೊರಡಿಸಿ ಟೆಕ್ಸಾಸಿನ ಗುಲಾಮರು ಸ್ವತಂತ್ರರು ಎಂದು ಸಾರಿದ್ದ. ಲಿಂಕನ್ ಬಿಡುಗಡೆಯ ಘೋಷಣೆ ಹೊರಡಿಸಿ ಆಗಲೇ ಎರಡೂವರೆ ವರ್ಷ ಆಗಿತ್ತು. ಆ ಎರಡೂವರೆ ವರ್ಷ ಹತ್ತಿ ಬಿಡಿಸಿದವರ ಕೂಲಿ ಯಾರ ಲೆಕ್ಕಕ್ಕೆ ಸೇರಿತು? ಊರಿನ ಹಳೆಯ ಬಂಗಲೆಗಳನ್ನು ನೋಡುವಾಗ ಈ ಪ್ರಶ್ನೆಯೂ ಬರುತ್ತದೆ.

ಬಿರುಗಾಳಿಯ ನಂತರ ಊರು ಬಿಟ್ಟವರು ಬಿಟ್ಟರು. ಉಳಿದವರು ಗೋಡೆ ಕಟ್ಟಲು ಹೊರಟರು. ಮೂವರು ಎಂಜಿನಿಯರುಗಳ ಸಮಿತಿ ನೇಮಕವಾಯಿತು. ಅದರಲ್ಲಿ ಒಬ್ಬ ಹೆನ್ರಿ ರಾಬರ್ಟ್. ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ "ಪಾಯಿಂಟ್ ಆಫ್ ಆರ್ಡರ್" ಎಂದು ಎದ್ದು ನಿಲ್ಲುವ ಹಿರಿಯರು ಇಲ್ಲಿ ಗಮನಿಸಬೇಕು. ಸಭೆ ನಡೆಸುವ 'ರಾಬರ್ಟ್ಸ್ ರೂಲ್ಸ್' ಬರೆದ ಪುಣ್ಯಾತ್ಮನೂ ಇವನೇ! ಹದಿನೇಳು ಅಡಿ ಎತ್ತರದ ಗೋಡೆಯ ಮೊದಲ ಮೂರು ಚಿಲ್ಲರೆ ಮೈಲಿ 1904ರಲ್ಲಿ ಮುಗಿಯಿತು. ಅದಕ್ಕಾಗಿ ಕೌಂಟಿಯು ಹೊರಡಿಸಿದ 15 ಲಕ್ಷ ಡಾಲರಿನ ಬಾಂಡುಗಳನ್ನು ಊರಿನವರೇ ಕೊಂಡರು.

ಗೋಡೆಗಿಂತ ದೊಡ್ಡ ಸಾಹಸ ಊರನ್ನೇ ಮೇಲೆತ್ತಿದ್ದು. 1903ರಿಂದ ಹೆಚ್ಚುಕಡಿಮೆ ಎಂಟು ವರ್ಷ, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಸ್ಕ್ರೂ ಜ್ಯಾಕುಗಳ ಮೇಲೆ ಕೈಯಿಂದ ತಿರುಗಿಸಿ ತಿರುಗಿಸಿ ಎತ್ತಿದರು. ಕಡಲಿನಿಂದ ಮರಳು ಬೆರೆತ ನೀರನ್ನು ಪೈಪಿನಲ್ಲಿ ತಂದು ಕೆಳಗೆ ತುಂಬಿದರು. ಸೇಂಟ್ ಪ್ಯಾಟ್ರಿಕ್ಸ್ ಚರ್ಚು ಒಂದೇ ಮೂರು ಸಾವಿರ ಟನ್. ಏಳುನೂರು ಜ್ಯಾಕುಗಳಿಂದ ಅದನ್ನು ಐದು ಅಡಿ ಎತ್ತಿದರು. ಮರಳು ತುಂಬುವ ಖರ್ಚು ಸಾರ್ವಜನಿಕರದ್ದು. ಮನೆ ಎತ್ತಿಸುವ ಖರ್ಚು ಮನೆಯವರದ್ದೇ. ವರ್ಷಗಟ್ಟಲೆ ಜನ ಹಲಗೆಗಳ ಮೇಲೆ ನಡೆದರು. 1915ರಲ್ಲಿ ಇನ್ನೊಂದು ದೊಡ್ಡ ಬಿರುಗಾಳಿ ಬಂದಾಗ ಗೋಡೆ ತಡೆಯಿತು.

ಆದರೆ ವ್ಯಾಪಾರ ತಿರುಗಿ ಬರಲಿಲ್ಲ. 1900ರಲ್ಲಿ ಹ್ಯೂಸ್ಟನ್ ಜನಸಂಖ್ಯೆ ಸುಮಾರು 44,600. ಎರಡೂ ಊರುಗಳು ಹೆಚ್ಚುಕಡಿಮೆ ಸಮಸಮ. ಹ್ಯೂಸ್ಟನ್‌ಗೆ ಹಡಗಿನ ಕಾಲುವೆ ಬೇಕೆಂಬ ಮಾತು ಬಿರುಗಾಳಿಗಿಂತ ಮುಂಚೆಯೇ ಇತ್ತು, ನಿಜ. ಆದರೆ ಬಿರುಗಾಳಿಯ ನಂತರ, 'ಒಳನಾಡಿನ ಬಂದರು ಕ್ಷೇಮ' ಎನ್ನುವ ವಾದಕ್ಕೆ ಬಲ ಬಂತು. 1901ರಲ್ಲಿ ಬೋಮಾಂಟ್ ಬಳಿ ಎಣ್ಣೆ ಚಿಮ್ಮಿತು. 1914ರಲ್ಲಿ ಕಾಲುವೆ ತೆರೆಯಿತು. 2020ರ ಜನಗಣತಿಯಲ್ಲಿ ಗ್ಯಾಲ್ವೆಸ್ಟನ್ 53,695, ಹ್ಯೂಸ್ಟನ್ 23 ಲಕ್ಷ. ಆ ಕಾಲುವೆ, ಆ ಎಣ್ಣೆ, ಅದರ ಸುತ್ತ ಬೆಳೆದ ಕಾರ್ಖಾನೆಗಳು, ಇವುಗಳ ದೆಸೆಯಿಂದಲೇ ನಮ್ಮಂಥ ಎಷ್ಟೋ ಎಂಜಿನಿಯರುಗಳು ಇಲ್ಲಿಗೆ ಬಂದದ್ದು. ನಾನು 1986ರಲ್ಲಿ ಬಂದೆ. ಮನೆ ಕೊಂಡೆ, ಇಬ್ಬರು ಮಕ್ಕಳನ್ನು ಓದಿಸಿದೆ. ಗ್ಯಾಲ್ವೆಸ್ಟನ್ ಎಂದರೆ ಭಾನುವಾರದ ಪಿಕ್ನಿಕ್ ಎನ್ನುವುದಕ್ಕಿಂತ ಆಚೆ ಒಂದು ದಿನವೂ ಯೋಚಿಸಿರಲಿಲ್ಲ.

ಗೋಡೆಯ ಕೆಳಗೆ, ಬಂಡೆಗಳ ಸಾಲಿನ ಮೇಲೆ ಒಬ್ಬ ಮುದುಕ ಗಾಳ ಹಾಕಿ ಕೂತಿದ್ದ. ಮಾತಿಗೆ ಸಿಕ್ಕಿದ. ಅವನು 'ಬಿ.ಓ.ಐ.', ಎಂದರೆ ದ್ವೀಪದಲ್ಲೇ ಹುಟ್ಟಿದವನು. ಅಲ್ಲಿಯವರು ಇದನ್ನು ನಾವು ಗೋತ್ರ ಹೇಳುವಷ್ಟು ಗಂಭೀರವಾಗಿ ಹೇಳುತ್ತಾರೆ. ನಾನು ಹ್ಯೂಸ್ಟನ್‌ನವನು ಎಂದಾಗ, "ಹಾಗಾದರೆ ಹೋಗುವಾಗ ನಿನ್ನ ಕಸ ನೀನೇ ತೆಗೆದುಕೊಂಡು ಹೋಗು" ಎಂದು ನಕ್ಕ. ಅವನ ಮುತ್ತಜ್ಜ ಮನೆ ಎತ್ತಿಸಲು ಮಾಡಿದ ಸಾಲವನ್ನು ಅಜ್ಜ ತೀರಿಸಿದನಂತೆ. 2008ರಲ್ಲಿ ಐಕ್ ಚಂಡಮಾರುತ ಬಂದಾಗ ನೀರು ಗೋಡೆಯ ಕಡೆಯಿಂದಲ್ಲ, ಹಿಂದಿನ ಕೊಲ್ಲಿಯ ಕಡೆಯಿಂದ ಬಂದು ಅದೇ ಮನೆಗೆ ನುಗ್ಗಿತಂತೆ. ಐಕ್ ಎಂದ ಕೂಡಲೇ ನನ್ನ ನೆನಪಿಗೆ ಬಂದದ್ದು ಹ್ಯೂಸ್ಟನ್‌ನಲ್ಲಿ ನಮಗೆ ಹನ್ನೊಂದು ದಿನ ಕರೆಂಟ್ ಇಲ್ಲದ್ದು, ಫ್ರೀಜರಿನ ಕಾಯಿತುರಿ ಎಲ್ಲ ಹಾಳಾದದ್ದು. ಅದನ್ನೇ ಹೇಳಿದೆ. ಅವನು ತಲೆಯಾಡಿಸಿ ಮತ್ತೆ ಗಾಳ ಎಸೆದ. ಪೇಟೆಯ ಹಳೆಯ ಕಟ್ಟಡಗಳ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗುರುತು ಹಾಕಿದ ಫಲಕಗಳಿವೆ, ನೋಡಿಕೊಂಡು ಹೋಗು ಎಂದ.

ಹೋಗಿ ನೋಡಿದೆ. ನನ್ನ ತಲೆಗಿಂತ ಎತ್ತರದಲ್ಲಿ ಒಂದು ಗುರುತು. ಅದರ ಕೆಳಗೆ ನಿಂತಾಗ, ಇಷ್ಟು ಹೊತ್ತು ತಳ್ಳುತ್ತಿದ್ದ ನಮ್ಮೂರು ನೆನಪಿಗೆ ಬಂದೇ ಬಂತು. ನಮ್ಮೂರಿಗೆ ಅಂಥ ಗುರುತು ಹಾಕಲು ಗೋಡೆಯೇ ಇಲ್ಲ.

ನಮ್ಮದು ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನನಗೆ ಏಳು ವರ್ಷ, ಅಣ್ಣನಿಗೆ ಹನ್ನೆರಡು. ನೀರು ಬರುತ್ತದೆ ಎಂದು ಅಜ್ಜ ಮನೆಯ ಹಂಚು ಇಳಿಸಿ, ಬಾಗಿಲು ಕಿತ್ತು, ದೇವರ ಪೆಟ್ಟಿಗೆ, ಎರಡು ಎಮ್ಮೆ ಸಮೇತ ಲಾರಿ ಹತ್ತಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಇಳಿದ ಜಾಗ ಬರೀ ಕಾಡು. ಅಣ್ಣನ ಶಾಲೆ ಏಳನೆಯ ತರಗತಿಗೆ ನಿಂತಿತು. ಕಾಡು ಕಡಿದು ಗದ್ದೆ ಮಾಡಲು ಆಳು ಬೇಕಿತ್ತು. ಪರಿಹಾರದ ಹಣದಲ್ಲಿ ಉಳಿದದ್ದನ್ನು ಅಪ್ಪ ಮುಟ್ಟದೆ ಇಟ್ಟರು. ಆ ಹಣದಲ್ಲಿ ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಓದಿದೆ, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದೆ. ಹಾಸ್ಟೆಲಿನಲ್ಲಿ ರಾತ್ರಿ ಹನ್ನೆರಡರವರೆಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ರಜೆಗೆ ಊರಿಗೆ ಹೋದರೆ ಬುಡ್ಡಿದೀಪ. ನಾಡಿಗೆಲ್ಲ ವಿದ್ಯುತ್ತು ಕೊಡಲು ಮುಳುಗಿದವರ ಹೊಸ ಊರಿಗೆ ಕರೆಂಟ್ ಬಂದದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಇಂದು ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ನಮಗೆ ನಾಲ್ಕು ಎಕರೆಗೆ ಮಾತ್ರ ಪತ್ರ ಸಿಕ್ಕಿದೆ. ಅಣ್ಣನ ಮನೆ ನಿಂತಿರುವ ಜಾಗ ಕಾಗದದಲ್ಲಿ ಇವತ್ತಿಗೂ ಕಾಡು. ಅರವತ್ತು ವರ್ಷ ದಾಟಿದರೂ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಸಾಗರದಲ್ಲೇ ಇದ್ದು 2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಓದಿದವರಿಗೆ ಇದೆಲ್ಲ ಹೊಸದಲ್ಲ. 'ದ್ವೀಪ' ಕಾಸರವಳ್ಳಿಯವರ ಸಿನಿಮಾ ಕೂಡ ಆಯಿತು.

ಗ್ಯಾಲ್ವೆಸ್ಟನ್‌ನಲ್ಲಿ ನೀರಿನಿಂದ ಉಳಿಯಲು ಮನೆಗಳನ್ನು ಎತ್ತಿದರು. ಖರ್ಚು ಕೊಟ್ಟವರೂ ಅವರೇ, ಉಳಿದವರೂ ಅವರೇ. ನಮ್ಮಲ್ಲಿ ಕೊಟ್ಟವರು ಒಬ್ಬರು, ಬೆಳಕು ಕಂಡವರು ಇನ್ನೊಬ್ಬರು. ಈ ವ್ಯತ್ಯಾಸ ನನಗೆ ಹೊಳೆದದ್ದು ಫೆರಿಯ ಮೇಲೆ. ದ್ವೀಪದ ತುದಿಯಿಂದ ಬೊಲಿವಾರ್‌ಗೆ ಹೋಗುವ ಈ ಫೆರಿಗೆ ಟಿಕೆಟ್ ಇಲ್ಲ. ಕಾರು ಒಳಗೆ ನಿಲ್ಲಿಸಿ ಮೇಲೆ ನಿಂತರೆ ಪೆಲಿಕನ್ ಹಕ್ಕಿಗಳು ಜೊತೆಗೇ ಬರುತ್ತವೆ. ಸಿಗಂದೂರಿಗೆ ಹೋಗುವ ಲಾಂಚಿನ ನೆನಪಾಯಿತು. ಅಲ್ಲೂ ಕಾರು, ಬಸ್ಸು, ಜನ ಒಟ್ಟಿಗೆ ತೇಲುತ್ತಿದ್ದರು; ಕೆಳಗೆ ನಮ್ಮ ಗದ್ದೆಗಳಿದ್ದವು. ಅಲ್ಲಿ ಸೇತುವೆ ಆದದ್ದು 2025ರ ಜುಲೈನಲ್ಲಿ, ಮುಳುಗಡೆಯಾಗಿ ಅರವತ್ತೊಂದು ವರ್ಷದ ಮೇಲೆ.

ಫೆರಿಯಲ್ಲಿ ನಿಂತು ನನ್ನ ಪರವಾಗಿ ನಾನೇ ವಾದ ಮಾಡಿದೆ. ಹ್ಯೂಸ್ಟನ್‌ನವರು ಬಿರುಗಾಳಿಯನ್ನು ಕರೆಯಲಿಲ್ಲ. ಏಳು ವರ್ಷದ ನಾನು ಅಣೆಕಟ್ಟು ಕಟ್ಟಲಿಲ್ಲ. ಅಣ್ಣನನ್ನು ಶಾಲೆ ಬಿಡಿಸಿದ್ದು ನಾನಲ್ಲ. ತಪ್ಪು ಮಾಡದವನು ದಂಡ ಯಾಕೆ ಕಟ್ಟಬೇಕು? ಇದಕ್ಕೆ ಎದುರು ವಾದವೂ ಇದೆ: ಇನ್ನೊಬ್ಬರ ನಷ್ಟದಿಂದ ಲಾಭ ಪಡೆದವರೆಲ್ಲ ಅಪರಾಧಿಗಳೇ ಎನ್ನುವುದು. ಅದನ್ನು ಒಪ್ಪಿದರೆ ಕೊನೆ ಎಲ್ಲಿ? ನಾವು ಮನೆ ಕಟ್ಟಿಕೊಂಡಿರುವ ನೆಲವೇ ಒಂದು ಕಾಲಕ್ಕೆ ಬೇರೆಯವರದ್ದು. ಎಲ್ಲರಿಗೂ ಸಾಲಗಾರ ಎಂದುಕೊಂಡವನು ಕೊನೆಗೆ ಯಾರಿಗೂ ಒಂದು ಪೈಸೆ ಕೊಡುವುದಿಲ್ಲ. ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾನೆ.

ನಮ್ಮ ಹಿರಿಯರು ಇಲ್ಲಿ ಒಂದು ಉಪಕಾರ ಮಾಡಿದ್ದಾರೆ. ಅವರು ಪಾಪವನ್ನೂ ಋಣವನ್ನೂ ಬೇರೆ ಬೇರೆ ಇಟ್ಟರು. ಪಾಪ ಎಂದರೆ ಮಾಡಿದ್ದು. ಋಣ ಹುಟ್ಟುವಾಗಲೇ ಜೊತೆಗೆ ಬರುವುದು. ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಮನೆಯಲ್ಲಿ ಕೇಳಿ ಬೆಳೆದೆವು. ಶತಪಥ ಬ್ರಾಹ್ಮಣ ಇದಕ್ಕೆ ಮನುಷ್ಯಋಣ ಎಂಬ ನಾಲ್ಕನೆಯದನ್ನೂ ಸೇರಿಸುತ್ತದೆ. ಆಗ ತಾನೇ ಹುಟ್ಟಿದ ಕೂಸನ್ನು ಯಾರೂ ತಪ್ಪಿತಸ್ಥ ಎನ್ನುವುದಿಲ್ಲ, ಆದರೂ ಅದಕ್ಕೆ ಋಣ ಇದೆ. ಹೀಗೆ ನೋಡಿದಾಗ ನನ್ನ ಸಿಟ್ಟಿನ ಕಾರಣವೂ ತಿಳಿಯಿತು. ಅಣ್ಣನ ಮಗ ಕೇಳಿದ್ದನ್ನು ನಾನು ಆರೋಪ ಎಂದುಕೊಂಡಿದ್ದೆ. ಅದಕ್ಕೇ ನಾಲ್ಕು ದಿನ ನಿರಪರಾಧಿ ಎಂದು ಸಾಬೀತು ಮಾಡುವುದರಲ್ಲಿ ಕಳೆದೆ. ಅವನು ಆರೋಪ ಮಾಡಿರಲೇ ಇಲ್ಲ. ಆ ಕರಾಂಕವಾ ಜನ ದೋಣಿ ಮಗುಚಿಸಿರಲಿಲ್ಲ. ಆದರೂ ಕೂತು ಅತ್ತರು, ಬೆಂಕಿ ಹಾಕಿದರು. ಅವರಿಗಾದರೆ ಆ ಸ್ಪೇನಿನವರಿಂದ ಬಂದ ಲಾಭವೂ ಏನಿರಲಿಲ್ಲ. ನನಗೆ ಲಾಭ ಬಂದಿದೆ. ಎಷ್ಟು ಬಂದಿದೆ ಎಂಬುದೂ ಗೊತ್ತಿದೆ. ಎಲ್ಲರ ಋಣ ತೀರಿಸಲು ಆಗುವುದಿಲ್ಲ, ಆದರೆ ಇಲ್ಲಿ ಋಣ ಕೊಟ್ಟವನ ಫೋನ್ ನಂಬರ್ ನನ್ನ ಹತ್ತಿರ ಇದೆ.

ಆವತ್ತೇ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಸಹಿ ಹಾಕಿ ಕಳಿಸುತ್ತೇನೆ ಎಂದೆ. ಅವನು ಸಂತೋಷಪಡಲಿಲ್ಲ. "ಯಾರು ಹೇಳಿದ್ದು ನಿಂಗೆ ಈ ವಿಚಾರ? ನಾನೇನು ಕೇಳಿದ್ನಾ? ಅಪ್ಪ ಕೊಟ್ಟಿದ್ದನ್ನ ತಗಳೋಕೆ ನಾನ್ಯಾರು ಮಾರಾಯ?" ಎಂದು ರೇಗಿದ. ನಾನು ಪರಿಹಾರದ ಹಣ, ಶಾಲೆ, ಬುಡ್ಡಿದೀಪ ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನೆಲ್ಲ ಲೆಕ್ಕ ಇಟ್ಕಂಡಿದ್ಯಾ ನೀನು? ನಾ ಇಟ್ಕಂಡಿಲ್ಲ" ಎಂದು ಫೋನ್ ಇಟ್ಟುಬಿಟ್ಟ.

ಆ ಮಾತು ನನಗೆ ಬಹಳ ದಿನ ನೋವು ಕೊಟ್ಟಿತು. ಒಡಹುಟ್ಟಿದವರ ನಡುವೆ ಲೆಕ್ಕ ತಂದದ್ದು ತಪ್ಪಾಯಿತೇನೋ ಎನಿಸಿತು. ಆದರೆ ಯೋಚಿಸಿದಷ್ಟೂ ಬೇರೆಯೇ ಒಂದು ವಿಷಯ ಕಾಣುತ್ತಿದೆ. ಅಣ್ಣ ಲೆಕ್ಕ ಇಡದಿರುವುದು ಅವನ ದೊಡ್ಡತನ. ನಾನೂ ಇಡದಿದ್ದರೆ ಅದು ದೊಡ್ಡತನವಲ್ಲ, ಅನುಕೂಲ. ಲೋಕದಲ್ಲಿ ಸಾಮಾನ್ಯವಾಗಿ ಕಾಣುವುದು ಇದರ ತಿರುವುಮುರುವು. ಮುಳುಗಡೆಯ ಪ್ರತಿ ಮನೆಯಲ್ಲೂ ಒಂದು ಟ್ರಂಕಿನ ತುಂಬ ಅರ್ಜಿ, ರಸೀದಿ, ನಕ್ಷೆಗಳಿವೆ. ಬೆಳಕು ಪಡೆದ ಊರುಗಳಲ್ಲಿ ಒಂದು ಚೀಟಿಯೂ ಇಲ್ಲ. ನೀರಿನ ಗುರುತಿನ ಫಲಕ ಗ್ಯಾಲ್ವೆಸ್ಟನ್‌ನ ಗೋಡೆಯ ಮೇಲಿದೆ; ಅದೇ ಬಿರುಗಾಳಿಯ ನಂತರ ಬೆಳೆದ ನಮ್ಮ ಹ್ಯೂಸ್ಟನ್‌ನ ಗೋಡೆಗಳ ಮೇಲೆ ಅದರ ಸುದ್ದಿಯನ್ನು ನಾನು ಈ ಮೂವತ್ತೊಂಬತ್ತು ವರ್ಷಗಳಲ್ಲಿ ಕಂಡದ್ದಿಲ್ಲ. ಕಳೆದುಕೊಂಡವನೇ ದಾಖಲೆ ಹೊತ್ತು ಬಾಗಿಲಿಂದ ಬಾಗಿಲಿಗೆ ಅಲೆಯಬೇಕು, ಪಡೆದವನು ಹಾಯಾಗಿ ಮರೆಯಬಹುದು ಎನ್ನುವ ಏರ್ಪಾಡು ಇದು. ಲೆಕ್ಕದ ಪುಸ್ತಕ ಇರಬೇಕಾದದ್ದು ಪಡೆದವನ ಮನೆಯಲ್ಲಿ. ತೀರಿಸಲು ಆದೀತೋ ಇಲ್ಲವೋ ಬೇರೆ ಮಾತು. ಬರೆದಿಡುವ ಕೆಲಸವಂತೂ ನಮ್ಮದು.

ಡಿಸೆಂಬರಿನಲ್ಲಿ ಕಾಗದಕ್ಕೆ ಸಹಿ ಹಾಕಿ ಕಳಿಸಿದೆ. ಅಣ್ಣ ಒಂದೂವರೆ ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ. ಸಂಕ್ರಾಂತಿ ಕಳೆದ ಮೇಲೆ ಅವನೇ ಫೋನ್ ಮಾಡಿ, ಏನೂ ಆಗದವನಂತೆ ಅಡಿಕೆ ಧಾರಣೆ ಹೇಳಿ, "ಕೊಳೆಗೆ ಔಷಧಿ ಹೊಡ್ಯಕೆ ಮರ ಹತ್ತೋ ಜನ ಸಿಗ್ತಿಲ್ಲ. ಜೂನಿನಾಗೆ ಬರ್ತೀಯಾ? ನೀ ಏನು ಹತ್ತೋದು ಬೇಡ, ಕೆಳಗೆ ನಿಂತು ಪೈಪ್ ಹಿಡ್ಕ ಸಾಕು" ಎಂದ. ಟಿಕೆಟ್ ತೆಗೆದಿದ್ದೇನೆ. ಹಂಚಿನ ಮನೆಯ ನಕ್ಷೆ ಇನ್ನೂ ಮೇಜಿನ ಒಳಗಿದೆ. ಅದನ್ನು ಹರಿಯುವಷ್ಟು ವೈರಾಗ್ಯ ನನಗೆ ಬಂದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮಲ್ಲಿ ಬಹಳ ಮನೆಗಳಲ್ಲಿ ಇಂಥ ಒಬ್ಬರು ಇರುತ್ತಾರೆ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಉಳಿದ ತಂಗಿ, ಓದು ಬಿಟ್ಟು ಅಂಗಡಿಯಲ್ಲಿ ಕೂತ ಅಣ್ಣ, ಬಳೆ ಅಡವಿಟ್ಟು ಫೀಸು ಕಟ್ಟಿದ ಅತ್ತೆ. ಅವರು ಉಳಿದದ್ದರಿಂದ ನಾವು ಹೊರಟೆವು. ಸಂಪಾದಕರು ಒಪ್ಪಿದರೆ, ಮುಂದಿನ ಸಂಚಿಕೆಗೆ ಪ್ರತಿ ಕುಟುಂಬವೂ ಅಂಥ ಒಬ್ಬರ ಬಗ್ಗೆ ಅರ್ಧ ಪುಟ ಬರೆದುಕೊಡಲಿ. ಮಕ್ಕಳಿಗೆ ಕನ್ನಡ ಬರೆಯಲು ಬಾರದಿದ್ದರೆ ಅವರು ಹೇಳಲಿ, ದೊಡ್ಡವರು ಬರೆಯಲಿ. ಮತ್ತೊಂದು ಸಲಹೆ: ಈ ಬೇಸಿಗೆಯ ಪಿಕ್ನಿಕ್ ಗ್ಯಾಲ್ವೆಸ್ಟನ್‌ನಲ್ಲಿ ಇಟ್ಟುಕೊಂಡರೆ, ಮರಳಿನಲ್ಲಿ ಆಡುವ ಮುಂಚೆ ಮಕ್ಕಳನ್ನು ತಡೆಗೋಡೆಯ ಮೇಲಿನ 1900ರ ಬಿರುಗಾಳಿಯ ಸ್ಮಾರಕಕ್ಕೆ ಕರೆದುಕೊಂಡು ಹೋಗೋಣ. ಫೆರಿಗೆ ದುಡ್ಡಿಲ್ಲ. ಬರುವಾಗ ನಮ್ಮ ಕಸ ನಾವೇ ತರೋಣ.